ನಾಲೆ ಬಾ

ಇದು ನಡೆದದ್ದು 2023ರ ನವೆಂಬರ್ 27, ಸೋಮವಾರ, ರಾತ್ರಿ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಹುಲ್ಲಹಳ್ಳಿಯ ನಾಲೆ ಏರಿಯ ಮೇಲೆ. ನಮ್ಮ ಚಿಕ್ಕಪ್ಪನ ಮಗ ಮಹೇಂದ್ರನಿಗೆ.

ಅವತ್ತು ಹುಣ್ಣಿಮೆ. ಕತ್ತಲಲ್ಲಿ ಗಿಡವನ್ನೋ ಕಂಬವನ್ನೋ ಕಂಡು ಹೆದರಿದ ಅನ್ನುವ ಹಾಗಿಲ್ಲ. ಅವನು ಕುಡಿಯುವುದಿಲ್ಲ. ಜ್ವರ ಇರಲಿಲ್ಲ. ಇದನ್ನೆಲ್ಲ ಮೊದಲು ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಮಹೇಂದ್ರ ಆಗ ನಂಜನಗೂಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್. ಆಸ್ಪತ್ರೆಯ ಹೆಸರು ಬೇಡ. ಒಂಬತ್ತಕ್ಕೆ ಡ್ಯೂಟಿ ಮುಗಿಸಿ ಕೊನೇ ಬಸ್ಸು ಹಿಡಿದ. ಕಾರ್ತಿಕ ಸೋಮವಾರವಾದ್ದರಿಂದ ಬಸ್ಸಿನ ತುಂಬ ದೇವಸ್ಥಾನಕ್ಕೆ ಬಂದು ಹೋಗುವ ಜನ. ಹುಲ್ಲಹಳ್ಳಿಯಲ್ಲಿ ಎಲ್ಲರೂ ಇಳಿದು ಊರೊಳಕ್ಕೆ ಹೋದರು. ಅವನ ಮನೆ ಮಾತ್ರ ಊರಾಚೆ. ನಾಲೆ ಏರಿಯ ಮೇಲೆ ಒಂದು ಕಿಲೋಮೀಟರ್ ನಡೆಯಬೇಕು. ಎಡಕ್ಕೆ ನೀರು, ಬಲಕ್ಕೆ ಕಬ್ಬು. ಅರ್ಧ ದಾರಿಯಲ್ಲಿ ನೀರು ಬಿಡುವ ತೂಬು. ತೂಬಿನ ಪಕ್ಕ ಆಲದ ಮರ.

ಮರದ ಹತ್ತಿರ ಬಂದಾಗ ಹಿಂದಿನಿಂದ ಒಂದು ಸದ್ದು...

ವಬ್... ವಬ್... ವಬ್...

ಕಪ್ಪೆಯಲ್ಲ. ತೂಬಿನ ನೀರೂ ಅಲ್ಲ. ಸ್ಕ್ಯಾನ್ ಫಿಲ್ಮಿನ ಒಂದು ಮೂಲೆ ಹಿಡಿದು ಅಲ್ಲಾಡಿಸಿದರೆ ಬರುವ ಸದ್ದು. ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಆರು ವರ್ಷ ದಿನಾ ಕೇಳಿದವನಿಗೆ ಗೊತ್ತಾಯಿತು.

ಅವನನ್ನು ಅಲ್ಲೇ ನಿಲ್ಲಿಸಿ ಏಳು ತಿಂಗಳು ಹಿಂದಕ್ಕೆ ಹೋಗುತ್ತೇನೆ. ಹೋಗದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಏಪ್ರಿಲ್ 17. ಅದೂ ಸೋಮವಾರ. ಮರಿತಾಯಮ್ಮ ಅನ್ನುವವರು ಸ್ಕ್ಯಾನಿಗೆ ಬಂದರು. ವಯಸ್ಸು ನಲವತ್ತೆಂಟು. ಟಿ. ನರಸೀಪುರದ ಕಡೆ, ಸೋಸಲೆ ದಾಟಿ ಒಂದು ಹಳ್ಳಿ. ನಂಜುಂಡೇಶ್ವರನ ಒಕ್ಕಲು. ಸೋಮವಾರ ದರ್ಶನಕ್ಕೆ ಬರುವುದು ಹೇಗೂ ಇದ್ದೇ ಇದೆ, ಹಾಗೇ ತಲೆನೋವನ್ನೂ ಬೆನ್ನುನೋವನ್ನೂ ತೋರಿಸಿಕೊಂಡು ಹೋಗೋಣ ಅಂತ ಒಬ್ಬರೇ ಬಂದಿದ್ದರು. ತಲೆ, ಹೊಟ್ಟೆ, ಎರಡೂ ಸ್ಕ್ಯಾನ್ ಆಗಬೇಕಿತ್ತು.

ಹೊಟ್ಟೆಯ ಸ್ಕ್ಯಾನಿಗೆ ಉಸಿರು ಕಟ್ಟಬೇಕು. ರೆಕಾರ್ಡ್ ಮಾಡಿಟ್ಟ ದನಿಯೊಂದು ಮಿಷನ್ನಿನಿಂದ ಹೇಳುತ್ತದೆ: "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..." ಕೊನೆಗೆ, "ಬಿಡಿ." ಆ ದನಿ ಮಹೇಂದ್ರನದೇ. ಕಂಪನಿಯ ಇಂಗ್ಲಿಷ್ ದನಿ ನಮ್ಮ ಜನಕ್ಕೆ ತಿಳಿಯುವುದಿಲ್ಲ ಅಂತ ಅವನೇ ಹಾಕಿದ್ದು. ಮರಿತಾಯಮ್ಮನಿಗೆ ಕಿವಿ ಸ್ವಲ್ಪ ಮಂದ. "ಬಿಡಿ" ಅಂದದ್ದು ಕೇಳಿಸಲಿಲ್ಲ. ಸ್ಕ್ಯಾನ್ ಮುಗಿದು ಹಲಗೆ ಹೊರಗೆ ಬಂದರೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಬಿಟ್ಟುಕೊಂಡು ಮಲಗಿದ್ದರು.

"ಬಿಡಮ್ಮಾ, ಉಸಿರು ಬಿಡು!"

ಉಸ್ಸಂತ ಬಿಟ್ಟರು. "ನೀವ್ ಯೋಳ್ಬೇಕಲ್ಲ ಸಾ. ಯೋಳ್ದೆ ಎಂಗ್ ಬುಡಾದು?"

ರೂಮಿನಲ್ಲಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕರು.

ಕಂಪ್ಯೂಟರಿನಲ್ಲಿ ಕಂಡದ್ದು ಇದು. ಮಿದುಳಿನ ರಕ್ತನಾಳಗಳಲ್ಲಿ ಐದು ಕಡೆ ಉಬ್ಬು, ಹಳೇ ಸೈಕಲ್ ಟ್ಯೂಬು ಅಲ್ಲಲ್ಲಿ ಉಬ್ಬಿಕೊಂಡ ಹಾಗೆ. ಎರಡು ಕಿಡ್ನಿಯಲ್ಲೂ ಲೆಕ್ಕವಿಲ್ಲದಷ್ಟು ನೀರಿನ ಗುಳ್ಳೆ. ಎರಡಕ್ಕೂ ಮೂಲ ಒಂದೇ ಕಾಯಿಲೆ. ಉಬ್ಬು ಯಾವತ್ತು ಬೇಕಾದರೂ ಒಡೆಯಬಹುದು. ಒಡೆಯುವ ಮೊದಲು ಸಿಕ್ಕರೆ ಮೈಸೂರಿನಲ್ಲಿ ಆಪರೇಷನ್ ಉಂಟು. ಇನ್ನೊಂದು ಮಾತು: ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಸ್ಕ್ಯಾನ್ ನೋಡುವ ಡಾಕ್ಟರು ಮಲ್ಲಿಕಾರ್ಜುನ್ ಕುರ್ಚಿಯಿಂದ ಎದ್ದೇಬಿಟ್ಟರು.

"ಐದು ಕಣೋ ಮಹೇಂದ್ರ! ಇಪ್ಪತ್ತು ವರ್ಷದ ಸರ್ವೀಸಲ್ಲಿ ಒಂದೇ ತಲೇಲಿ ಐದು ನೋಡಿಲ್ಲ. ಇದು ಕೇಸ್ ರಿಪೋರ್ಟ್ ಆಗುತ್ತೆ."

ಬಾಗಿಲ ಆಚೆ ಬೆಂಚಿನ ಮೇಲೆ ಆಕೆ ಕೂತಿದ್ದರು.

ಅಪರೂಪದ ಒಬ್ಬ ರೋಗಿಯ ವಿಷಯವನ್ನು ಚಿತ್ರಗಳ ಜೊತೆ ಬರೆದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಕೇಸ್ ರಿಪೋರ್ಟ್ ಅನ್ನುತ್ತಾರೆ. ಬೇರೆ ಡಾಕ್ಟರುಗಳಿಗೆ ಅದರಿಂದ ನಿಜವಾಗಿ ಉಪಯೋಗ ಇದೆ. ಅಚ್ಚು ಹಾಕಿಸಲು ರೋಗಿಯ ಒಪ್ಪಿಗೆ ಬೇಕು. ಫಾರಂ ಇಂಗ್ಲಿಷಿನಲ್ಲಿತ್ತು. ಮಹೇಂದ್ರ ಅದನ್ನೂ ನೇರಳೆ ಇಂಕಿನ ಪ್ಯಾಡನ್ನೂ ಹಿಡಿದುಕೊಂಡು ಬೆಂಚಿನ ಹತ್ತಿರ ಹೋದ.

"ಇದ್ಯಾಕ್ ಸಾ?"

"ರಿಪೋರ್ಟ್‌ಗೆ ಕಣಮ್ಮ."

"ರಿಪೋಲ್ಟ್ ಕೊಡಾಕಾ? ಒತ್ತುಸ್ಕಳಿ, ಒತ್ತುಸ್ಕಳಿ."

ಎಡಗೈ ಹೆಬ್ಬೆಟ್ಟಿನ ಮೇಲೆ ಓರೆಯಾಗಿ ಹಳೇ ಕುಡುಗೋಲಿನ ಗಾಯ. ಗುರುತು ಎರಡು ತುಂಡಾಗಿ ಬಿತ್ತು.

ಆಕೆ ತಿಳಿದದ್ದು ಬೇರೆ ರಿಪೋರ್ಟ್ ಅಂತ ಮಹೇಂದ್ರನಿಗೆ ಗೊತ್ತಿತ್ತು. ಸುಳ್ಳು ಹೇಳಲಿಲ್ಲ. ತಿದ್ದಲೂ ಇಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಲು ಅವನಿಗೆ ಅಚ್ಚಾದ ಒಂದು ಲೇಖನ ಬೇಕಿತ್ತು. ಮೂರನೇ ಹೆಸರು ನಿನ್ನದು ಅಂತ ಡಾಕ್ಟರು ಹೇಳಿದ್ದರು.

ಫಿಲ್ಮು, ಬರೆದ ರಿಪೋರ್ಟು, ಎರಡೂ ಡಾಕ್ಟರ ಡ್ರಾಯರಿಗೆ ಹೋದವು. ಲೇಖನಕ್ಕೆ ಚಿತ್ರ ಆರಿಸಬೇಕಿತ್ತು. "ಮನೆಯವರನ್ನ ಕರ್ಕೊಂಡು ಮುಂದಿನ ಸೋಮವಾರ ಬರೋಕೆ ಹೇಳು. ಕೂರಿಸಿ ಎಲ್ಲಾ ವಿವರಿಸಿ ಮೈಸೂರಿಗೆ ಕಳಿಸೋಣ," ಅಂದರು. ಅವರು ಕೆಟ್ಟವರಲ್ಲ. ಹೇಳಬೇಕೆಂದೇ ಇದ್ದರು.

ಏಪ್ರಿಲ್ 24ಕ್ಕೆ ಮರಿತಾಯಮ್ಮ ಬಂದರು. ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ರಿಪೋರ್ಟ್ ಕೌಂಟರಿನ ಶ್ವೇತ ಹೇಳಿದಳು, "ಡಾಕ್ಟ್ರ ಹತ್ರ ಇದೆ ಕಣಮ್ಮ. ಸೋಮವಾರ ಬನ್ನಿ." ಮೇ 1ಕ್ಕೆ ಬಂದರು. ಅವತ್ತು ರಜ. ಕೌಂಟರಿಗೆ ಬೀಗ. ಮೇ 8ಕ್ಕೆ ಬಂದರು. ದರ್ಶನದ ಸಾಲು ಉದ್ದ ಇತ್ತು. ಮುಗಿಸಿ ಬರುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. "ಬುಧವಾರ ಎಲೆಕ್ಷನ್ನು. ಅದು ಮುಗೀಲಿ, ಬರೋ ಸೋಮವಾರ ಬನ್ನಿ."

ಅವತ್ತು ಕಾರಿಡಾರಿನಲ್ಲಿ ಮಹೇಂದ್ರ ಎದುರಿಗೇ ಸಿಕ್ಕ.

"ಸಾ, ರಿಪೋಲ್ಟ್ ಬಂತಾ?"

"ಬರುತ್ತೆ ಕಣಮ್ಮ."

ಮೇ 15ರ ಸೋಮವಾರ ಆಕೆ ಬರಲಿಲ್ಲ. ಆಮೇಲೂ ಬರಲಿಲ್ಲ. ಮಹೇಂದ್ರನಿಗೆ ಅದು ಗೊತ್ತಾಯಿತು. ಸದ್ಯ, ಅಂದುಕೊಂಡ. ಇದನ್ನು ಅವನೇ ನನಗೆ ಹೇಳಿದ್ದು.

ನವೆಂಬರ್ ಮೊದಲ ವಾರ ಲೇಖನ ಅಚ್ಚಾಯಿತು. ಡಾಕ್ಟರು ಪೇಡ ಹಂಚಿದರು. ಒಂದು ಪ್ರತಿ ಸ್ಕ್ಯಾನ್ ರೂಮಿನ ಪಕ್ಕದ ನೋಟಿಸ್ ಬೋರ್ಡಿಗೆ ಏರಿತು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎರಡು ವಾಕ್ಯ. ಮೊದಲನೆಯದು, ರೋಗಿ "ಲಾಸ್ಟ್ ಟು ಫಾಲೋ-ಅಪ್". ಮರುತಪಾಸಣೆಗೆ ಬರದೆ ಕಣ್ಮರೆಯಾದವರಿಗೆ ಬರೆಯುವ ಮಾತು. ಎರಡನೆಯದು, ಮಕ್ಕಳಿಗೂ ಸ್ಕ್ಯಾನ್ ಮಾಡಿಸುವಂತೆ ಕುಟುಂಬಕ್ಕೆ ತಿಳಿಸಲಾಗಿದೆ.

ಯಾರೂ ತಿಳಿಸಿರಲಿಲ್ಲ.

ನವೆಂಬರ್ 13, ಸೋಮವಾರ. ರಾತ್ರಿ ಎಂಟೂವರೆ. ಸೆಕ್ಯುರಿಟಿಯ ಮರಿಯಯ್ಯ ಸ್ಕ್ಯಾನ್ ರೂಮಿನ ಬಾಗಿಲಲ್ಲಿ ತಲೆ ಹಾಕಿದ. ಅವನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಮರಿತಾಯಮ್ಮನನ್ನು ಕಂಡವನಲ್ಲ.

"ಸಾ... ಯಾರೋ ಒಬ್ಬಮ್ಮ ಬೆಂಚ್ ಮ್ಯಾಲೆ ಕೂತವ್ಳೆ."

"ಸ್ಕ್ಯಾನ್ ಎಲ್ಲಾ ಮುಗೀತಲ್ಲ. ಏನಂತೆ?"

"ಮಾತೇ ಇಲ್ಲ ಸಾ. ಕೆನ್ನೆ ಉಬ್ಬುಸ್ಕಂಡು ಕೂತವ್ಳೆ. ಕೇಳುದ್ರೆ ರಿಪೋಲ್ಟ್ ಅಂತಾಳೆ. ಅದೊಂದೇಯ."

ಮಹೇಂದ್ರ ಹೊರಗೆ ಬಂದ. ಬೆಂಚು ಖಾಲಿ. ಮೇಲೆ ಬೋರ್ಡಿಗೆ ಚುಚ್ಚಿದ್ದ ಕಾಗದ ಪಟ... ಪಟ... ಅಂತಿತ್ತು. ಫ್ಯಾನ್ ಆಫ್ ಆಗಿತ್ತು.

20ನೇ ತಾರೀಖೂ ಹಾಗೇ. ಅದೇ ಹೊತ್ತು. ಅವತ್ತು ಇನ್ನೊಂದಾಯಿತು. ಹಲಗೆಯ ಮೇಲೆ ಯಾರೂ ಇಲ್ಲ, ಸ್ಕ್ಯಾನ್ ಒತ್ತಿಲ್ಲ, ಮಿಷನ್ನು ಅವನ ದನಿಯಲ್ಲೇ ಹೇಳಿತು: "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..."

ಅವನು ಕಾದ. "ಬಿಡಿ" ಬರಲೇ ಇಲ್ಲ.

ಅಷ್ಟರಲ್ಲಿ ಮರಿಯಯ್ಯ ಹೇಳಿದ ಗುರುತಿನಿಂದ ಅದು ಮರಿತಾಯಮ್ಮನೇ, ಬದುಕಿರಲಾರರು ಅಂತ ಮಹೇಂದ್ರನೂ ಶ್ವೇತಳೂ ಊಹಿಸಿದ್ದರು. 27ರ ಸಂಜೆ ಮರಿಯಯ್ಯನೇ ಪರಿಹಾರ ಹುಡುಕಿದ. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಓದಲಿ ಅಂತ ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ಅದು ಓದಿಕೊಂಡು ವಾಪಸ್ ಹೋಗುತ್ತದೆ, ಮಾರನೇ ದಿನ ಬಂದರೂ ಅದನ್ನೇ ಓದುತ್ತದೆ ಅಂತ. ಮರಿಯಯ್ಯ ಸೀಮೆಸುಣ್ಣ ತಂದು ಸ್ಕ್ಯಾನ್ ರೂಮಿನ ಬಾಗಿಲಿಗೆ ದೊಡ್ಡದಾಗಿ ಬರೆದ. ಶಾಲೆಗೆ ಹೋದದ್ದು ಮೂರು ವರ್ಷ. ಅಕ್ಷರ ತಪ್ಪಿತು.

ಶ್ವೇತ ಬಂದವಳು ಗಟ್ಟಿಯಾಗಿ ಓದಿದಳು. "ನಾಲೆ ಬಾ!" ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾವ ನಾಲೆಗೋ ಮರಿಯಯ್ಯ? ನಮ್ಮ ಮಹೇಂದ್ರ ಸರ್ ಓಡಾಡೋ ಹುಲ್ಲಹಳ್ಳಿ ನಾಲೆಗಾ?"

"ಹೋಗವ್ವ, ಬರ್ದಿರೋದ್ ಅರ್ಥ ಆದ್ರೆ ಸಾಕು."

"ಆಯಮ್ಮಂಗೆ ಓದೋಕೆ ಬರ್ತಿರ್ಲಿಲ್ಲ ಕಣೋ. ಹೆಬ್ಬೆಟ್ಟು."

"ಅಂಗಾರೆ ನೀನ್ಯಾಕೆ ಕೂಗ್ ಯೋಳ್ದೆ?"

ಇದನ್ನು ಮರಿಯಯ್ಯ ತಮಾಷೆಗೇ ಹೇಳಿದ್ದು. ಮಹೇಂದ್ರನೂ ನಕ್ಕ. ಬೆಂಚು ಎರಡು ಮಾರು ದೂರದಲ್ಲಿತ್ತು.

ಈಗ ನಾಲೆ ಏರಿಗೆ ಬನ್ನಿ.

ವಬ್... ವಬ್...

ತಿರುಗಿ ನೋಡಿದ. ಆಲದ ನೆರಳಿನಿಂದ ಈಚೆಗೆ, ಬೆಳದಿಂಗಳಲ್ಲೇ ಆಕೆ ನಿಂತಿದ್ದರು. ಏಪ್ರಿಲ್‌ನಲ್ಲಿ ಉಟ್ಟಿದ್ದ ಹಸಿರು ಸೀರೆ. ಕೆನ್ನೆ ಉಬ್ಬಿತ್ತು. ಎರಡು ಕೈಯಲ್ಲೂ ಫಿಲ್ಮ್ ಎತ್ತಿ, ಕಿಟಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ ಚಂದ್ರನಿಗೆ ಹಿಡಿದಿದ್ದರು. ಫಿಲ್ಮಿನ ಮೇಲೆ ಏನೂ ಇರಲಿಲ್ಲ. ಅದರ ಮೂಲಕ ಚಂದ್ರ ಪೂರ್ತಿ ಕಾಣುತ್ತಿದ್ದ.

"ನಾಲೆಗ್ ಬಾ ಅಂದ್ರಲ್ಲ ಸಾ..." ಗಂಟಲು ಬಿಗಿಹಿಡಿದು ಆಡುವ ಮಾತು. "ಬಂದಿವ್ನಿ."

ಅವನು ಒಂದು ಹೆಜ್ಜೆ ಹಿಂದಿಟ್ಟ.

"ರಿಪೋಲ್ಟ್ ಬಂತಾ?"

ಆಕೆ ಫಿಲ್ಮನ್ನು ಕೆಳಗಿಳಿಸಿದರು.

"ನನ್ ಮಗ್ಳಿಗೂ ತಲೆನೋವು ಸಾ. ಯಾರ್ಗೂ ಯೋಳಿಲ್ಲ ಅದು..."

ನಾಲೆಯ ನೀರು ಹರಿಯುವ ಸದ್ದು ನಿಂತಿತ್ತು ಅನ್ನುತ್ತಾನೆ. ನೀರು ಮಾತ್ರ ಹರಿಯುತ್ತಿತ್ತು.

"ನಾ ಇನ್ನೂ ಇಡ್ಕಂಡೇ ಇವ್ನಿ ಸಾ... ಬುಡ್ಲಾ?"

ಅವನು ಯೋಚಿಸಲಿಲ್ಲ. ದಿನಕ್ಕೆ ಮೂವತ್ತು ಸಲ ಹೇಳಿದ ಮಾತು ಬಾಯಿಗೆ ಬಂತು.

"ಬಿಡಮ್ಮ."

ಉಸ್ಸ್ಸ್... ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ, ಸಣ್ಣಗೆ, ಒಂದೇ ಸಮ. ಬಲಗಡೆಯ ಕಬ್ಬು ಪೂರ್ತಿ ಒಂದೇ ಕಡೆಗೆ ಬಾಗಿತು. ಸ್ಕ್ಯಾನ್ ಮಾಡುವಾಗ ಸೆಕೆಂಡ್ ಎಣಿಸುವುದು ಅವನಿಗೆ ಅಭ್ಯಾಸ. ಎಣಿಸಿದ. ನಲವತ್ತರವರೆಗೂ ಆ ಉಸಿರು ಮುಗಿಯಲಿಲ್ಲ. ಮುಗಿದಾಗ ಏರಿಯ ಮೇಲೆ ಅವನೊಬ್ಬನೇ ಇದ್ದ.

ಮಾರನೇ ಬೆಳಿಗ್ಗೆ ಡಾಕ್ಟರ ಮುಂದೆ ನಿಂತ.

"ಸಾರ್, ಆ ಐದು ಉಬ್ಬಿನ ಕೇಸು. ಬರಲಿಲ್ಲ ಅಂತ ಬರ್ದಿದೀವಿ. ಮೂರು ಸಲ ಬಂದಿದ್ರು."

"ಎಲ್ಲಿಗೆ ಬಂದಿದ್ರು?"

"ಕೌಂಟರ್‌ಗೆ."

"ಕೌಂಟರ್‌ಗೆ. ನನ್ನ ಹತ್ರ ಬರ್ಲಿಲ್ಲವಲ್ಲ. ಡಾಕ್ಟರ್ ಹತ್ರ ಬಂದ್ರೆ ಅದು ಫಾಲೋ-ಅಪ್ಪು."

"ಮಗಳಿದ್ದಾಳೆ ಸಾರ್. ಅವಳಿಗೂ ತಲೆನೋವಂತೆ."

"ನಿಂಗ್ಯಾರು ಹೇಳಿದ್ದು?"

ಮಹೇಂದ್ರ ಮಾತು ಬದಲಿಸಿದ.

"ನನ್ನ ಹೆಸರು ತೆಗೆಸಿಬಿಡಿ ಸಾರ್ ಅದರಿಂದ."

ಡಾಕ್ಟರು ನಕ್ಕರು. "ಅಚ್ಚಾದದ್ದನ್ನ ತೆಗೆಯೋದು ಹಲ್ಲು ಕಿತ್ತ ಹಾಗಲ್ಲಪ್ಪ. ಹೋಗು, ಪೇಷೆಂಟ್ ಕಾಯ್ತಿದಾರೆ."

29ರ ಬುಧವಾರ ಬೆಳಿಗ್ಗೆ ಡ್ರಾಯರಿನಿಂದ ಫಿಲ್ಮನ್ನೂ ರಿಪೋರ್ಟನ್ನೂ ಕೇಳದೇ ತೆಗೆದುಕೊಂಡ. ಕೌಂಟರಿನ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ನನ್ನ ಬೈಕಿನಲ್ಲಿ ಇಬ್ಬರೂ ಹೊರಟೆವು. ಮನೆ ಹುಡುಕಿ ಬಾಗಿಲು ತಟ್ಟಿದಾಗ ಮಧ್ಯಾಹ್ನ ಹನ್ನೆರಡೂ ಹತ್ತು. ತೆಗೆದವಳು ಮಗಳು, ಪಲ್ಲವಿ. ಟಿ. ನರಸೀಪುರದಲ್ಲಿ ಬಿ.ಕಾಂ. ಕೊನೇ ವರ್ಷ. ಅಪ್ಪ ಕೂಲಿಗೆ ಹೋಗಿದ್ದರು.

"ಅವ್ವ ಹೋಗಿ ಆರು ತಿಂಗಳಾಯ್ತು ಸಾರ್. ಮೇ ಹದಿನಾಲ್ಕು, ಭಾನುವಾರ. ಸೊಪ್ಪು ಬಿಡಿಸ್ತಾ ಕೂತಿದ್ಲು, ಹಾಗೇ ಮುಂದಕ್ಕೆ ಬಿದ್ಲು. ಬಿಸಿಲು ಹೊಡೆದಿರೋದು ಅಂದ್ರು."

ಮಹೇಂದ್ರ ಫಿಲ್ಮ್ ಕೊಟ್ಟ. ರಿಪೋರ್ಟ್ ಕೊಟ್ಟ. ಅಚ್ಚಾದ ಲೇಖನವನ್ನೂ ಕೊಟ್ಟ. ಬೇಡ ಅಂತ ನಾನು ಕಣ್ಣಲ್ಲಿ ಹೇಳಿದರೂ ಕೊಟ್ಟ. ಅವಳು ನಿಂತೇ ಓದಿದಳು. ಕೊನೇ ಪುಟಕ್ಕೆ ಬಂದು ಬೆರಳಿಟ್ಟಳು.

"ಲಾಸ್ಟ್ ಅಂದ್ರೆ ಕಳೆದುಹೋದ್ಲು ಅಂತಾನಾ?"

"ಹಾಗಲ್ಲ, ಅದು ಆಸ್ಪತ್ರೇಲಿ ಬರೆಯೋ..."

"ನಮ್ಮವ್ವ ಎಲ್ಲೂ ಕಳೆದೋಗಿರ್ಲಿಲ್ಲ ಸಾರ್. ಮನೇಲೇ ಇದ್ಲು. ಸೋಮವಾರ ಸೋಮವಾರ ನಿಮ್ ಹತ್ರಾನೇ ಬರ್ತಿದ್ಲು. ರಿಪೋರ್ಟ್ ಇಸ್ಕೊಂಡ್ ಬತ್ತೀನಿ ಅಂತ ಬುತ್ತಿ ಕಟ್ಕೊಂಡ್ ಹೋಗೋಳು. ಕಳೆದೋದದ್ದು ನಿಮ್ ರಿಪೋರ್ಟು."

ಮಹೇಂದ್ರ ನೆಲ ನೋಡುತ್ತಿದ್ದ. ಹಾಗೇ ಕೇಳಿದ, "ನಿಂಗೆ ತಲೆನೋವು ಬರುತ್ತಾ?"

ಪಲ್ಲವಿಯ ಮುಖ ಬದಲಾಯಿತು.

"ನಿಮಗ್ಯಾರು ಹೇಳಿದ್ರು? ಅಪ್ಪಂಗೂ ಹೇಳಿಲ್ಲ ನಾನು."

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಉಬ್ಬು ಇತ್ತು. ಒಂದೇ. ಏಳು ಮಿಲಿಮೀಟರ್. ಜನವರಿಯಲ್ಲಿ ಆಪರೇಷನ್ ಮಾಡಿದರು. ಬದುಕಿದ್ದಾಳೆ, ಪರೀಕ್ಷೆಯನ್ನೂ ಬರೆದಳು. ಮಹೇಂದ್ರ ಎರಡು ಸಲ ಫೋನ್ ಮಾಡಿದ. ಅವಳು ತೆಗೆಯಲಿಲ್ಲ.

ಪತ್ರಿಕೆಗೂ ಬರೆದ. ತಿದ್ದುಪಡಿಗೆ ಮೊದಲ ಲೇಖಕರ ಒಪ್ಪಿಗೆ ಬೇಕು ಅಂತ ಉತ್ತರ ಬಂತು. ಒಪ್ಪಿಗೆ ಬರಲಿಲ್ಲ. ಲೇಖನ ಹಾಗೇ ಇದೆ, ಎರಡೂ ವಾಕ್ಯಗಳ ಸಮೇತ. ಮೂರನೇ ಹೆಸರೂ ಇದೆ. ಡಿಸೆಂಬರಿನಲ್ಲಿ ಕಾಲೇಜಿನವರು ಸಂದರ್ಶನಕ್ಕೆ ಕರೆದು, ಆ ಲೇಖನವನ್ನೇ ಮುಂದಿಟ್ಟುಕೊಂಡು ಮೆಚ್ಚಿದರು. ಕೆಲಸ ಸಿಕ್ಕಿತು. ಅವನು ಬೇಡ ಅನ್ನಲಿಲ್ಲ. ರೋಗಿಯಿಂದ ಒಪ್ಪಿಗೆ ತೆಗೆದುಕೊಳ್ಳುವುದು ಹೇಗೆ ಅನ್ನುವ ಪಾಠವನ್ನು ಈಗ ಅವನೇ ಮಾಡುತ್ತಾನೆ.

ಆಸ್ಪತ್ರೆಯಲ್ಲಿ ಅವನ ಕೊನೇ ದಿನ ಡಿಸೆಂಬರ್ 30. ಸಾಮಾನು ತರಲು ನಾನೂ ಹೋಗಿದ್ದೆ. ಗೇಟಿನಲ್ಲಿ ಮರಿಯಯ್ಯ ಬೀಡಿ ಆರಿಸಿ ಹತ್ತಿರ ಬಂದ.

"ಆಯಮ್ಮ ಬರಾದ್ ನಿಂತೋಯ್ತು ಕಣ್ ಸಾ."

"ಒಳ್ಳೇದಾಯ್ತು ಬಿಡು."

"ಊಂ. ಆದ್ರೂ ಬೆಂಚು ಖಾಲಿ ಇರಾಕಿಲ್ಲ ಸಾ..."

ಅಷ್ಟು ಹೇಳಿ ಗೇಟು ತೆಗೆಯಲು ಹೋದ.

ಒಳಗೆ ಶ್ವೇತ ಕೌಂಟರಿನ ರಿಜಿಸ್ಟರ್ ತೆಗೆದಿಟ್ಟುಕೊಂಡು ಕಾಯುತ್ತಿದ್ದಳು. ಸ್ಕ್ಯಾನ್ ಆದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಸಾಲು. ರಿಪೋರ್ಟ್ ಕೈಗೆ ಸಿಕ್ಕಿದಾಗ ಸಾಲಿನ ಕೊನೆಗೆ ರುಜು ಮಾಡಬೇಕು. ಏಪ್ರಿಲ್ 17ರ ಪುಟ ತೆರೆದಳು.

"ಇದು ಖಾಲಿ ಇತ್ತು ಸರ್. ದೇವರಾಣೆ ಖಾಲಿ ಇತ್ತು. ಹೋದ ತಿಂಗಳು 29, ಬುಧವಾರ ಮಧ್ಯಾಹ್ನ ಊಟಕ್ಕೆ ಹೋಗಿ ಬರೋಷ್ಟರಲ್ಲಿ..."

ಮರಿತಾಯಮ್ಮನ ಹೆಸರಿನ ಎದುರಿಗೆ ನೇರಳೆ ಹೆಬ್ಬೆಟ್ಟು. ಓರೆಯಾಗಿ ಗೀರು, ಎರಡು ತುಂಡು. ಮಹೇಂದ್ರ ಒಪ್ಪಿಗೆಯ ಫಾರಂ ತಂದು ಪಕ್ಕಕ್ಕಿಟ್ಟ. ಗೀರಿನ ಉದ್ದವನ್ನು ನಾನೇ ಸ್ಕೇಲಿನಲ್ಲಿ ಅಳೆದೆ. ಎರಡೂ ಒಂದೇ. ನಾವು ಪಲ್ಲವಿಯ ಕೈಗೆ ರಿಪೋರ್ಟ್ ಕೊಟ್ಟದ್ದು ಅದೇ ಬುಧವಾರ, ಅದೇ ಹೊತ್ತು. ಆ ಮನೆಗೂ ಈ ಕೌಂಟರಿಗೂ ನಡುವೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು.

ಇದು ನಡೆದದ್ದು. ಇಲ್ಲಿರುವ ತಾರೀಖುಗಳನ್ನು ಯಾವ ಕ್ಯಾಲೆಂಡರಿಗೆ ಬೇಕಾದರೂ ಹಿಡಿದು ನೋಡಿ. ಸೋಮವಾರ ಅಂದದ್ದು ಸೋಮವಾರವೇ, ಹುಣ್ಣಿಮೆ ಅಂದದ್ದು ಹುಣ್ಣಿಮೆಯೇ.

ಹೊರಡುವ ಮುಂಚೆ ಆ ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೂ ತಿರುವಿದೆ. 2023ನೇ ಇಸವಿ, ಜನವರಿಯಿಂದ ಡಿಸೆಂಬರ್. ರುಜು ಇಲ್ಲದ ಸಾಲುಗಳನ್ನು ಎರಡು ಸಲ ಎಣಿಸಿದೆ.

ಹತ್ತೊಂಬತ್ತು.